ಬೋಗುಣಿ ಅಕ್ಕ

ಬೋಗುಣಿ ಅಕ್ಕನಿಗೆ ಆ ಹೆಸರು ಬಿದ್ದು ಎಂಟು ವರ್ಷವಾಗಿತ್ತು. ಅದರಲ್ಲಿ ಏಳು ವರ್ಷ ಅವಳಿಗೆ ಆ ಹೆಸರೆಂದರೆ ಒಳಗೊಳಗೇ ಹೆಮ್ಮೆ. ಆರೋಗ್ಯ ಕೇಂದ್ರದ ಹಿರಿಯ ಸಹಾಯಕಿ ಅವಳು. ಹೆಗಲಿಗೆ ಬಟ್ಟೆಯ ಚೀಲ. ಚೀಲದಲ್ಲಿ ಮನೆಗಳ ಪಟ್ಟಿ ಇರುವ ದಪ್ಪ ರಿಜಿಸ್ಟರು, ಊದಿಸಿ ಉಸಿರಿನ ಜೋರು ನೋಡುವ ಪ್ಲಾಸ್ಟಿಕ್ ಕೊಳವೆ, ಒಂದು ಸ್ಟೀಲ್ ಬೋಗುಣಿ. ನಡೆಯುವಾಗ ಬೋಗುಣಿ ಕೊಳವೆಗೆ ತಾಗಿ ಟಣ್ ಟಣ್ ಎನ್ನುತ್ತಿತ್ತು. ಆ ಸದ್ದು ಕೇಳಿಸಿದರೆ ಸಾಲುಮನೆಗಳಲ್ಲಿ ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರು, "ಬೋಗುಣಿ ಬಂತು, ಪಂಪು ತೆಗೆದಿಡಿ." ಪಂಪು ಅಂದರೆ ನೀರೆತ್ತುವ ಪಂಪಲ್ಲ, ಉಬ್ಬಸದವರು ಬಾಯಿಗಿಟ್ಟು ಒತ್ತಿಕೊಳ್ಳುವ ಇನ್ಹೇಲರು. ಅಲ್ಲಿಯ ಜನ ಅದಕ್ಕೆ ಬೇರೆ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ.

ಹಿಂದೆ ಹೀಗಿರಲಿಲ್ಲ ನೋಡಿ. ಅಕ್ಕ ಕೆಲಸಕ್ಕೆ ಸೇರಿದ ವರ್ಷ ಇಡೀ ಬಡಾವಣೆಯಲ್ಲಿ ಉಬ್ಬಸದವರು ಒಂಬತ್ತು ಜನ, ಒಂಬತ್ತೂ ಮುದಿಜೀವ. ಆಮೇಲೆ ಊರಿನ ಈ ಮಗ್ಗುಲಿಗೆ ಹಲಗೆ ಕಾರ್ಖಾನೆ ಬಂತು. ಮರದ ಪುಡಿಗೆ ಅಂಟು ಕಲಸಿ, ಬಿಸಿಯಲ್ಲಿ ಒತ್ತಿ, ಉಜ್ಜಿ ನುಣುಪು ಮಾಡಿ ಹಲಗೆ ಮಾರುವ ಕಾರ್ಖಾನೆ. ಅದಕ್ಕೆ ಬಿಡುವಿಲ್ಲದ ಲಾರಿ, ಲಾರಿಗಾಗಿ ಅಗಲದ ರಸ್ತೆ, ರಸ್ತೆಗಾಗಿ ಇದ್ದಬದ್ದ ಮರಗಳೆಲ್ಲ ನೆಲಸಮ. ಬೆಳಿಗ್ಗೆ ಕಿಟಕಿಯ ಅಂಚು ಒರೆಸಿದರೆ ಮಧ್ಯಾಹ್ನಕ್ಕೆ ಬೆರಳಿನಿಂದ ಅಕ್ಷರ ಬರೆಯುವಷ್ಟು ಪುಡಿ. ರಿಜಿಸ್ಟರಿನಲ್ಲಿ ಒಂಬತ್ತು ಇದ್ದದ್ದು ನಲವತ್ತಾಯಿತು, ನಲವತ್ತು ಇದ್ದದ್ದು ನೂರಾಯಿತು, ಈಗ ಇನ್ನೂರ ಹದಿನಾಲ್ಕು ಮನೆ. ಅರ್ಧಕ್ಕರ್ಧ ಶಾಲೆಗೆ ಹೋಗುವ ಮಕ್ಕಳು. ದೊಡ್ಡವರು ಬಂದರು, ಗಾಳಿ ಅಳೆದರು, ಫೋಟೊ ತೆಗೆಸಿಕೊಂಡರು, ಹೋದರು. ಪುಡಿ ನಿಲ್ಲಿಸುವುದು ಅವರ ಕೈಲಾಗುವ ಮಾತಲ್ಲ ಅಂತ ಕಾಣುತ್ತದೆ, ಪಂಪು ಕಳಿಸಿದರು. ಕೇಂದ್ರದ ಹಿಂದಿನ ಸ್ಟೋರ್ ರೂಮು ಖಾಲಿ ಮಾಡಿಸಿ, ನಾಲ್ಕು ಕುರ್ಚಿ ಹಾಕಿಸಿ, ಬಾಗಿಲ ಮೇಲೆ 'ಉಸಿರಿನ ಕೋಣೆ' ಎಂದು ಬರೆಸಿದರು. ಇಷ್ಟಕ್ಕೆ ಒಂದು ಸಭೆ ಬೇರೆ ನಡೆಯಿತು.

ಪಂಪು ಬಂದರೇನು, ಹಿಡಿಯುವವರು ಬೇಕಲ್ಲ. "ಒಂದ್ಸಲ ಬಾಯಿಗಿಟ್ರೆ ಸಾಯೋವರೆಗೂ ಬಿಡೋಕಾಗಲ್ವಂತೆ" ಎಂದು ಒಬ್ಬಳು, "ಎದೆ ಒಣಗಿಸಿಬಿಡುತ್ತಂತೆ" ಎಂದು ಇನ್ನೊಬ್ಬಳು. ಅಕ್ಕ ಮನೆಮನೆಗೂ ಹೋಗಿ ಜಗಳ ಕಾದಳು. ಒಬ್ಬ ಅಜ್ಜ ಪಂಪನ್ನು ಕಿಟಕಿಯಿಂದ ಬೀದಿಗೆ ಎಸೆದರೆ, ಹೋಗಿ ಹೆಕ್ಕಿ, ಸೆರಗಿನಲ್ಲಿ ಒರೆಸಿ, ಮತ್ತೆ ಅವನ ಕೈಗೇ ಇಟ್ಟವಳು ಅವಳು. "ಇದು ನಿಮ್ಮನ್ನ ಮೆಟ್ಟಿಲು ಹತ್ತಿಸುತ್ತೆ ಅಜ್ಜಾ. ನಿಮ್ಮ ಹಟ ಹತ್ತಿಸುತ್ತಾ ಹೇಳಿ" ಎಂದಳಂತೆ. ಬೈದು, ನಗಿಸಿ, ಅವರೆದುರು ತಾನೇ ಬಾಯಿಗಿಟ್ಟು ತೋರಿಸಿ, ನಾಲ್ಕೈದು ವರ್ಷಕ್ಕೆ ಜನರನ್ನು ದಾರಿಗೆ ತಂದಳು. ಜನ ನಂಬಿದ್ದು ಪಂಪನ್ನೋ ಅವಳನ್ನೋ ಎಂದು ಕೇಳಿದರೆ ಅವಳನ್ನೇ ಅನ್ನಬೇಕು.

ಪಂಪು ಬೇಕಾದಷ್ಟು ಬರುತ್ತಿರಲಿಲ್ಲ. ಹಾಗಾಗಿ ಕೇಂದ್ರದಲ್ಲಿ ಒಂದು ನಿಯಮ: ಹಳೆಯದು ಖಾಲಿಯಾದ ಮೇಲೆ ತಂದು ತೋರಿಸಿ ಹೊಸದು ಒಯ್ಯಬೇಕು. ಖಾಲಿಯಾಗಿದೆ ಅಂತ ಗೊತ್ತಾಗುವುದು ಹೇಗೆ? ಒಳಗಿರುವುದು ಲೋಹದ ಡಬ್ಬಿ, ಕಣ್ಣಿಗೆ ಏನೂ ಕಾಣದು. ಔಷಧ ತೀರಿದ ಮೇಲೂ ಒತ್ತಿದರೆ ಉಸ್ ಅಂತ ಗಾಳಿ ಬರುತ್ತಲೇ ಇರುತ್ತದೆ. ಎಂಟು ವರ್ಷದ ಹಿಂದೆ ತರಬೇತಿಗೆ ಹೋದಾಗ ಅಲ್ಲಿಯವರು ಒಂದು ಉಪಾಯ ಹೇಳಿಕೊಟ್ಟರು. ಡಬ್ಬಿಯನ್ನು ಹೊರಗೆ ತೆಗೆದು ನೀರಿಗೆ ಬಿಡಬೇಕು. ತಳಕ್ಕೆ ಹೋಗಿ ಕೂತರೆ ತುಂಬಿದೆ, ನೆಟ್ಟಗೆ ನಿಂತರೆ ಅರ್ಧ ಇದೆ, ಮಗ್ಗುಲಾಗಿ ಮಲಗಿ ತೇಲಿದರೆ ಮುಗಿದಿದೆ. ಓದು ಬರಹ ಬಾರದವರಿಗೂ ತಿಳಿಯುವ ಮಾತು. ಮಾರನೆಯ ದಿನವೇ ಅಕ್ಕ ಅಡುಗೆಮನೆಯಿಂದ ಬೋಗುಣಿ ಎತ್ತಿಕೊಂಡು ಹೊರಟಳು. ಅವಳ ಗಂಡನದು ಸೈಕಲ್ ರಿಪೇರಿ ಅಂಗಡಿ. ಪಂಕ್ಚರ್ ಹುಡುಕುವುದಕ್ಕೆ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದುತ್ತ, "ನಾನೂ ನೀರಲ್ಲಿ ಅದ್ದಿ ಗಾಳಿ ನೋಡೋನು, ನೀನೂ ನೀರಲ್ಲಿ ಅದ್ದಿ ಗಾಳಿ ನೋಡೋಳು. ಇಬ್ರೂ ಒಂದೇ ಅಂಗಡಿ ಹಾಕಿದ್ರೆ ಬಾಡಿಗೆ ಉಳೀತಿತ್ತು ಕಣೇ" ಎಂದು ರೇಗಿಸುತ್ತಿದ್ದ.

ಅವಳ ರಿಜಿಸ್ಟರಿನಲ್ಲಿ ಒಬ್ಬ ಶಿಳ್ಳೆ. ಹಲಗೆ ಉಜ್ಜುವ ಯಂತ್ರದ ಮುಂದೆ ಹನ್ನೊಂದು ವರ್ಷ ನಿಂತವನು. ಎದೆಯೊಳಗೆ ಸದಾ ಸಣ್ಣಗೆ ಶಿಳ್ಳೆ ಕೇಳುತ್ತಿದ್ದುದರಿಂದ ಆ ಹೆಸರು, ಇಟ್ಟುಕೊಂಡವನೂ ಅವನೇ. "ಯಾರ ಮನೆಗೂ ಕದಿಯೋಕೆ ಹೋಗಂಗಿಲ್ಲ ಅಕ್ಕಾ, ನನಗಿಂತ ಮುಂಚೆ ಇದು ಹೋಗಿ ಹೇಳಿಬಿಡುತ್ತೆ" ಎಂದು ಎದೆ ತಟ್ಟಿ ನಗುತ್ತಿದ್ದ. ಮನೆಯಲ್ಲಿ ತಾಯಿ, ಹೆಂಡತಿ, ಹದಿಮೂರರ ಮಗಳು. ಹೆಂಡತಿಗೆ ಅದೇ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಪಂಪಿನ ಉಸ್ತುವಾರಿಯೆಲ್ಲ ಮಗಳದು, ಅವಳಿಗೆ ಅದನ್ನು ಒಪ್ಪಿಸಿದವಳು ಅಕ್ಕ. ಬುಧವಾರ ಒಂದು ಸಲ, ಭಾನುವಾರ ಒಂದು ಸಲ ಆ ಹುಡುಗಿ ಡಬ್ಬಿಯನ್ನು ನೀರಿಗೆ ಬಿಟ್ಟು, ಮೂಗು ನೀರಿಗೆ ತಾಗುವಷ್ಟು ಬಗ್ಗಿ ನೋಡಿ, ಅಪ್ಪನಿಗೆ ವರದಿ ಒಪ್ಪಿಸುತ್ತಿದ್ದಳು. ಅಪ್ಪ "ಇನ್‌ಸ್ಪೆಕ್ಟರ್ ಮೇಡಂ" ಎಂದು ಸೆಲ್ಯೂಟ್ ಹೊಡೆಯುತ್ತಿದ್ದ. ಒಂದು ದಿನ ಅಕ್ಕ ಅವಳನ್ನು ಉಸಿರಿನ ಕೋಣೆಗೆ ಕರೆತಂದು, ಮೂವತ್ತು ಜನರೆದುರು ಮಾಡಿ ತೋರಿಸಲು ಹೇಳಿದ್ದಳು.

ಹೋದ ಚಳಿಗಾಲದ ಮೊದಲಿಗೆ ಬೇರೊಂದು ಕಂಪನಿಯ ಪಂಪು ಬಂತು. ಡಬ್ಬಿ ಸ್ವಲ್ಪ ಕುಳ್ಳ, ಸ್ವಲ್ಪ ದಪ್ಪ. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಅಕ್ಕನೂ ಕೆಡಿಸಿಕೊಳ್ಳಲಿಲ್ಲ. ಒಂದು ಬುಧವಾರ ಬೆಳಿಗ್ಗೆ ಶಿಳ್ಳೆಗೆ ಎದೆ ಬಿಗಿದಿತ್ತು. "ನೋಡೇ ಮೇಡಂ, ಮುಗಿದಿದ್ರೆ ಕೆಲಸಕ್ಕೆ ಲೇಟಾದ್ರೂ ಪರವಾಗಿಲ್ಲ, ಹೋಗಿ ಹೊಸದು ತಂದುಬಿಡ್ತೀನಿ" ಎಂದ. ಮಗಳು ನೀರಿಗೆ ಬಿಟ್ಟು ನೋಡಿದಳು. "ನೆಟ್ಟಗೆ ನಿಂತಿದೆ ಅಪ್ಪ. ಇನ್ನೂ ಅರ್ಧ ಇದೆ." ಅವನು ಪಂಪನ್ನು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದ. ಹನ್ನೊಂದು ಗಂಟೆಗೆ ಯಂತ್ರದ ಮುಂದೆ ಉಸಿರು ಕಟ್ಟಿತು. ಎರಡು ಸಲ ಒತ್ತಿಕೊಂಡ, ನಾಲ್ಕು ಸಲ ಒತ್ತಿಕೊಂಡ, ಆಮೇಲೆ ಬೆರಳಲ್ಲಿ ಬಲವಿಲ್ಲದೆ ಪಕ್ಕದವನು ಒತ್ತಿದ. ಜೀಪಿನಲ್ಲಿ ಹಾಕಿಕೊಂಡು ಹೊರಟರೆ ಮುಂದೆ ಲಾರಿಗಳ ಸಾಲು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಂಪು ಮಾತ್ರ ಕೊನೆಯವರೆಗೂ ಉಸ್ ಉಸ್ ಎನ್ನುತ್ತಲೇ ಇತ್ತೆಂದು ಪಕ್ಕದವನು ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಅಕ್ಕ ಸುದ್ದಿ ಕೇಳಿದವಳೇ ಆ ಮನೆಗೆ ಓಡಿದಳು. ಮೂರು ದಿನ ಅಲ್ಲೇ ಇದ್ದಳು ಎನ್ನಿ. ಹೆಂಡತಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು, ಬಂದವರಿಗೆ ನೀರು ಕೊಟ್ಟಳು, ಪಾತ್ರೆ ತೊಳೆದಳು. ಎರಡನೆಯ ದಿನ ಶಿಳ್ಳೆಯ ತಾಯಿ, ಮೂಲೆಯಲ್ಲಿ ಮುದುಡಿ ಕೂತ ಮೊಮ್ಮಗಳ ಕಡೆ ಕೈ ತೋರಿಸಿ, ಮನೆ ತುಂಬ ಜನ ಇರುವಾಗ ಕೇಳಿದಳು: "ನೀನು ಹೇಳಿಕೊಟ್ಟ ಹಾಗೆ ನೋಡಿದ್ರೆ ತಪ್ಪೋ ಮಾತೇ ಅಲ್ವಲ್ಲ ತಾಯಿ. ಇವಳು ಅರ್ಧ ಇದೆ ಅಂದ್ಲಲ್ಲ. ಏನು ನೋಡಿದ್ಲು ಇವಳು?"

ಹುಡುಗಿಯನ್ನು ಹೇಗಾದರೂ ಕಾಪಾಡಬೇಕು ಎಂದೇ ಅಕ್ಕ ಬಾಯಿಬಿಟ್ಟಳು. "ಬೈಬೇಡಿ ಅಮ್ಮ. ಚಿಕ್ಕ ಮಗು. ಕಣ್ಣು ತಪ್ಪಿರಬೇಕು" ಎಂದಳು.

ಅವತ್ತಿಗೆ ಅವಳು ನಂಬಿದ್ದೂ ಅದನ್ನೇ. ಅದರಲ್ಲಿ ಮೋಸವಿರಲಿಲ್ಲ. ಅದಾಗಿ ಹನ್ನೆರಡನೆಯ ದಿನ ಕೇಂದ್ರಕ್ಕೆ ಒಂದು ಸುತ್ತೋಲೆ ಬಂತು. ಡಬ್ಬಿಯನ್ನು ನೀರಿನಲ್ಲಿ ತೇಲಿಸಿ ನೋಡುವ ಪದ್ಧತಿ ನಂಬಲರ್ಹವಲ್ಲ; ಡಬ್ಬಿಯ ಅಳತೆ ಬದಲಾದಂತೆ ಅದು ತೇಲುವ ರೀತಿಯೂ ಬದಲಾಗುತ್ತದೆ; ತಕ್ಷಣದಿಂದ ನಿಲ್ಲಿಸತಕ್ಕದ್ದು; ಪಂಪು ಕೊಟ್ಟ ದಿನದಿಂದ ಎಷ್ಟು ಸಲ ಒತ್ತಿದರು ಎಂದು ಎಣಿಸಿ, ಇನ್ನೂರು ತುಂಬಿದ ಕೂಡಲೇ ಹೊಸದು ನೀಡತಕ್ಕದ್ದು. ಕೆಳಗೆ ಒಂದು ಸಹಿ, ಒಂದು ಮೊಹರು. ಎಂಟು ವರ್ಷ ಹೇಳಿಕೊಟ್ಟದ್ದಕ್ಕೆ ಅಷ್ಟೇ.

ಅಕ್ಕ ಕಾಗದವನ್ನು ಮಡಚಿಟ್ಟಳು. ಹೊಸ ಕಂಪನಿಯ ಪಂಪೊಂದನ್ನು ತೆಗೆದುಕೊಂಡು ಕೇಂದ್ರದ ಹಿತ್ತಲಿಗೆ ಹೋದಳು. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಒತ್ತತೊಡಗಿದಳು. ಒಂದು, ಎರಡು, ಮೂರು. ಎಪ್ಪತ್ತಕ್ಕೆ ಹೆಬ್ಬೆರಳು ನೋಯತೊಡಗಿತು, ಕೈ ಬದಲಿಸಿದಳು. ನಡುವೆ ಗುಡಿಸುವವಳು ಬಂದು "ಏನಕ್ಕಾ, ಸೊಳ್ಳೆ ಓಡಿಸ್ತಿದೀರಾ?" ಎಂದು ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಎಣಿಕೆ ತಪ್ಪೀತೆಂದು ತಲೆ ಮಾತ್ರ ಆಡಿಸಿದಳು. ಇನ್ನೂರಾಯಿತು. ಇನ್ನೂ ಉಸ್ ಎನ್ನುತ್ತಿತ್ತು. ಡಬ್ಬಿಯನ್ನು ಹೊರಗೆ ತೆಗೆದು ಬೋಗುಣಿಯ ನೀರಿಗೆ ಬಿಟ್ಟಳು. ಡಬ್ಬಿ ಒಮ್ಮೆ ತೂಗಾಡಿ, ನೆಟ್ಟಗೆ ನಿಂತಿತು.

ಹುಡುಗಿಯ ಕಣ್ಣು ತಪ್ಪಿರಲಿಲ್ಲ.

ಅಕ್ಕ ಕೇಂದ್ರದ ಡಾಕ್ಟರ ಹತ್ತಿರ ಹೋಗಿ ಹೇಳಿದಳು. ಡಾಕ್ಟರು ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ನಿಮ್ಮ ತಪ್ಪಲ್ಲ ಇದು. ಮೇಲಿಂದ ಬಂದದ್ದನ್ನ ನೀವು ಹೇಳಿಕೊಟ್ರಿ. ಹೊಸ ಪದ್ಧತಿ ಬಂದಿದೆ ಅಂತ ಎಲ್ಲರ ಮನೆಗೂ ಹೋಗಿ ಹೇಳಿ. ಅಷ್ಟು ಸಾಕು. ಹಳೇದರಿಂದ ಒಬ್ಬ ಸತ್ತ ಅಂತ ಹೇಳೋಕೆ ಹೋದ್ರೆ, ಇನ್ನೂರು ಮನೆಯವರೂ ಪಂಪು ಬೀದಿಗೆ ಎಸೀತಾರೆ. ಆಮೇಲೆ ಸಾಯೋರ ಲೆಕ್ಕ ಯಾರು ಇಡೋದು?"

ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಪಂಪು ಹಿಡಿಸಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಬೋಗುಣಿಯ ಚಿತ್ರದ ಮೇಲೆ ಕೆಂಪು ಗೆರೆ ಎಳೆದ ದೊಡ್ಡ ಕಾಗದಗಳು ಬಂದವು; ಕೇಂದ್ರ, ಬಸ್‌ಸ್ಟಾಪು, ಶಾಲೆ, ಕಾರ್ಖಾನೆಯ ಗೇಟು, ಎಲ್ಲ ಕಡೆ ಅಂಟಿಸಿದರು. ಅಕ್ಕ ಮನೆಮನೆಗೆ ಹೋಗಿ ಎಣಿಸುವುದನ್ನು ಹೇಳಿಕೊಟ್ಟಳು. ಕೊಟ್ಟ ತಾರೀಕನ್ನು ಪಂಪಿನ ಮೇಲೆ ಬರೆದುಕೊಳ್ಳಿ, ದಿನಕ್ಕೆ ಇಷ್ಟು ಸಲ ಅಂತ ಗೋಡೆಯ ಮೇಲೆ ಗೀಟು ಹಾಕಿ, ಎಂದಳು. ಜನ "ಆಗಲಿ ಬಿಡಿ, ಬೋಗುಣಿ ಹೊರೋ ಕಷ್ಟ ತಪ್ಪಿತು ನಿಮಗೆ" ಎಂದು ನಕ್ಕರು. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಹೀಗೆ ಇನ್ನೂರ ಹದಿಮೂರು ಮನೆ ಮುಗಿಸಿದಳು. ಉಳಿದದ್ದು ಒಂದು. ಆ ಮನೆಯಲ್ಲಿ ಈಗ ಪಂಪು ಯಾರಿಗೂ ಬೇಕಿಲ್ಲ, ಹಾಗಾಗಿ ಹೋಗುವ ಅಗತ್ಯವಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ರಿಜಿಸ್ಟರಿನಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದಳು. ಎಂಥ ಮಾತು ಅದು. ಹೇಳಿಕೊಂಡ ಬಾಯಿಗೇ ಕಹಿಯಾಗಿರಬೇಕು.

ಅಲ್ಲಿಂದ ಅವಳಿಗೆ ಶಿಳ್ಳೆ ಕೇಳಿಸತೊಡಗಿತು. ಹುಚ್ಚು ಹಿಡಿದಿತ್ತು ಅಂದುಕೊಳ್ಳಬೇಡಿ, ಕೆಲಸಬೊಗಸೆಯೆಲ್ಲ ಸರಿಯಾಗೇ ಇತ್ತು. ಆದರೆ ಹಾಡುಹಗಲಿನಲ್ಲಿ, ಉಸಿರಿನ ಕೋಣೆಯಲ್ಲಿ ಮೂರು ಕುರ್ಚಿಯಲ್ಲಿ ಮೂವರು ಕೂತಿದ್ದರೆ, ಖಾಲಿಯಿದ್ದ ನಾಲ್ಕನೆಯದರ ಕಡೆಯಿಂದ ಸಣ್ಣಗೆ ಬರುತ್ತಿತ್ತು. ಕೆಟಲಿನಲ್ಲಿ ನೀರು ಕಾಯುವಾಗ ಬರುತ್ತಿತ್ತು. ಬಸ್ಸಿನ ಬಾಗಿಲು ಮುಚ್ಚುವಾಗ ಬರುತ್ತಿತ್ತು. ಅವಳು ತಿರುಗಿ ನೋಡುತ್ತಿದ್ದಳು, ಅಲ್ಲಿ ಯಾರೋ ಬೇರೆ ಇರುತ್ತಿದ್ದರು. ತೆರೆದ ಪಾತ್ರೆಯಲ್ಲಿ ನೀರು ಕಂಡರೆ ಸಾಕು, ಅದರ ನಡುವೆ ಡಬ್ಬಿ ನೆಟ್ಟಗೆ ನಿಂತಿರುತ್ತಿತ್ತು. ಬಟ್ಟೆ ನೆನೆಸಿದ ಬಕೀಟಿನಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯಲ್ಲಿ, ಲೋಟದಲ್ಲಿ ಸಹ. ಕಣ್ಣು ಮಿಟುಕಿಸಿದರೆ ಹೋಗುತ್ತಿತ್ತು. ಮನೆಯಲ್ಲಿ ಎಲ್ಲ ಪಾತ್ರೆಗೂ ಮುಚ್ಚಳ ಹಾಕತೊಡಗಿದಳು, ಬಾಟಲಿಯಿಂದಲೇ ನೀರು ಕುಡಿಯತೊಡಗಿದಳು. ಗಂಡನಿಗೆ ಊಟ ಕೊಡಲು ಅಂಗಡಿಗೆ ಹೋದರೆ ತೊಟ್ಟಿಯ ಕಡೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಆ ಮನೆಯಿದ್ದ ಸಾಲಿಗೆ ಬೇರೆ ಸಹಾಯಕಿಯನ್ನು ಕಳಿಸುತ್ತಿದ್ದಳು. ಬೋಗುಣಿಯನ್ನು ಎಲ್ಲಿಟ್ಟಳೋ ಏನೋ, ಹೆಸರು ಮಾತ್ರ ಬಿಡಲಿಲ್ಲ. ಬೀದಿಯಲ್ಲಿ ಯಾರಾದರೂ "ಬೋಗುಣಿ ಅಕ್ಕಾ" ಎಂದು ಕರೆದರೆ ಕಪಾಳಕ್ಕೆ ಹೊಡೆದಂತೆ ನಿಲ್ಲುತ್ತಿದ್ದಳು.

ಹೀಗೆ ಆರು ತಿಂಗಳು. ಶಾಲೆಗಳು ಶುರುವಾದ ಮೇಲೆ, ಮಕ್ಕಳ ಉಸಿರು ಪರೀಕ್ಷೆ ಮಾಡಿ ಪಟ್ಟಿ ಕಳಿಸಿ ಎಂದು ಅಪ್ಪಣೆ ಬಂತು. ಅಕ್ಕ ಕೊಳವೆ ಹಿಡಿದು ಶಾಲೆಗೆ ಹೋದಳು. ಮಕ್ಕಳು ಸಾಲಾಗಿ ಬಂದು, ಎದೆತುಂಬ ಉಸಿರೆಳೆದು, ಫೂ ಎಂದು ಊದಿ ಹೋಗುತ್ತಿದ್ದರು. ಅಕ್ಕ ತಲೆಯೆತ್ತದೆ ಅಂಕಿ ಬರೆದುಕೊಳ್ಳುತ್ತಿದ್ದಳು. ಒಮ್ಮೆ ಸಾಲಿನ ಹಿಂದಿನಿಂದ ಯಾರೋ ಪಿಸುಗುಟ್ಟಿದರು: "ಅರೆಗಣ್ಣಿ ಬಂದ್ಲು, ಜರುಗ್ರೋ." ಕಿಸಿಕಿಸಿ ನಗು. ಅಕ್ಕ ತಲೆಯೆತ್ತಿದರೆ ಎದುರಿಗೆ ಶಿಳ್ಳೆಯ ಮಗಳು. ಬಡವಾಗಿದ್ದಳು. ಕೊಳವೆ ತೆಗೆದುಕೊಂಡು ಊದಿದಳು, ಅಂಕಿ ಚೆನ್ನಾಗಿಯೇ ಬಂತು. ಊದಿದ ಮೇಲೂ ಹೋಗಲಿಲ್ಲ. ಕೊಳವೆಯನ್ನು ಮೇಜಿನ ಮೇಲಿಟ್ಟು, ಅಕ್ಕನ ಮುಖವನ್ನೇ ನೋಡುತ್ತ ನಿಂತಳು. ಏನೋ ಕೇಳುತ್ತಾಳೆ ಎಂದುಕೊಂಡರೆ ಏನೂ ಕೇಳಲಿಲ್ಲ.

"ಮುಂದೆ ಹೋಗು ಪುಟ್ಟಿ" ಎಂದಳು ಅಕ್ಕ. ಅವಳ ದನಿ ಅವಳಿಗೇ ಬೇರೆ ಯಾರದೋ ಎನಿಸಿತು.

ಟೀಚರು ಆಮೇಲೆ ಹೇಳಿದರು. ಅಪ್ಪನ ಪಂಪು ತಪ್ಪು ನೋಡಿದವಳು ಅಂತ ಆ ಸಾಲುಮನೆಯವರೆಲ್ಲ ಅವಳನ್ನು ಅರೆಗಣ್ಣಿ ಎಂದೇ ಕರೆಯುವುದಂತೆ. ಅಂಗಡಿಗೆ ಹೋದರೆ ಚಿಲ್ಲರೆ ಸರಿಯಾಗಿ ನೋಡಿಕೋ ಎಂದು ಆಡಿಕೊಳ್ಳುವುದಂತೆ. ಮನೆಯಲ್ಲೂ ಅಜ್ಜಿ ಮಾತಾಡಿಸುವುದಿಲ್ಲವಂತೆ. "ಮಕ್ಕಳು ಬಿಡಿ, ಮರೀತಾವೆ" ಎಂದರು ಟೀಚರು. ಅಕ್ಕ ಉಳಿದ ಇಪ್ಪತ್ತೆರಡು ಮಕ್ಕಳ ಉಸಿರನ್ನು ಅಳೆದು, ಬರೆದುಕೊಂಡು, ಸಹಿ ಹಾಕಿಸಿಕೊಂಡು ಹೊರಗೆ ಬಂದಳು. ಗೇಟಿನ ಹತ್ತಿರ ಕೂತುಬಿಟ್ಟಳು.

ಗಂಡನಿಗೆ ಅವತ್ತೇ ಎಲ್ಲ ಹೇಳಿದ್ದು. ಅವನು ಚಕ್ರ ತಿರುಗಿಸುವುದನ್ನು ನಿಲ್ಲಿಸಿ ಕೇಳಿದ. "ರಿಟೈರಾಗೋಕೆ ಎರಡು ವರ್ಷ ಇದೆ ನಿನಗೆ" ಎಂದ. ಆಮೇಲೆ, "ಡಾಕ್ಟರು ಹೇಳಿದ್ದೂ ಸುಳ್ಳಲ್ಲ" ಎಂದ.

"ನಾನು ಹೋಗಿ ಹೇಳಿದ್ರೆ ಏನಾಗುತ್ತೆ ರೀ?"

"ನನ್ನೇನು ಕೇಳ್ತೀಯ. ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ, ಹೋಗದೇ ಇದ್ರೆ ಏನಾಗುತ್ತೆ ಅಂತ" ಎಂದು ಅವನು ಮತ್ತೆ ಚಕ್ರ ತಿರುಗಿಸಿದ.

ಆದರೂ ಹೋಗಲು ಅವಳಿಗೆ ಇನ್ನೂ ಹನ್ನೊಂದು ದಿನ ಬೇಕಾಯಿತು. ಧೈರ್ಯವಂತೆ ಎಂದು ಅವಳನ್ನು ಹೊಗಳುವವರು ಈ ಹನ್ನೊಂದು ದಿನವನ್ನು ಮರೆಯಬಾರದು.

ಭಾನುವಾರ ಬೆಳಿಗ್ಗೆ ಹೋದಳು. ಬಾಗಿಲು ತೆರೆದೇ ಇತ್ತು. ಅಜ್ಜಿ ಹೊಸ್ತಿಲ ಬಳಿ ಬೆಳಕಿಗೆ ಕೂತು ಹರಿದ ದಿಂಬಿನ ಚೀಲ ಹೊಲಿಯುತ್ತಿದ್ದಳು. ಹುಡುಗಿಯ ತಾಯಿ ಒಳಗೆ ಬಟ್ಟೆ ಮಡಚುತ್ತಿದ್ದಳು. ಹುಡುಗಿ ಗೋಡೆಗೊರಗಿ ನೆಲದ ಮೇಲೆ ಪುಸ್ತಕ ಹರಡಿಕೊಂಡು ಬರೆಯುತ್ತಿದ್ದಳು. "ಅಯ್ಯೋ, ಅಕ್ಕ ಬಂದ್ಲು" ಎಂದು ತಾಯಿ ಗಡಬಡಿಸಿ ಕುರ್ಚಿ ಎಳೆದು ಹಾಕಿದಳು. ಅಕ್ಕ ಕೂರಲಿಲ್ಲ. ಕೂತರೆ ಮಾತು ಹೊರಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಅವತ್ತು ಮಗು ಸರಿಯಾಗೇ ನೋಡಿತ್ತು" ಎಂದಳು. "ಡಬ್ಬಿ ನೆಟ್ಟಗೇ ನಿಂತಿತ್ತು. ನಾನೇ ಒಂದು ಪಂಪು ಪೂರ್ತಿ ಮುಗಿಸಿ ನೀರಿಗೆ ಬಿಟ್ಟು ನೋಡಿದೀನಿ, ಖಾಲಿಯಾದ್ಮೇಲೂ ಅದು ಹಾಗೇ ನಿಲ್ಲುತ್ತೆ. ತಪ್ಪಿದ್ದು ನಾನು ಹೇಳಿಕೊಟ್ಟ ಪದ್ಧತಿ. ಅದು ತಪ್ಪು ಅಂತ ನನಗೆ ಗೊತ್ತಾಗಿ ಆರು ತಿಂಗಳಾಯ್ತು. ಆದ್ರೂ ಬಂದು ಹೇಳಲಿಲ್ಲ. ಕಣ್ಣು ತಪ್ಪಿರಬೇಕು ಅಂತ ಈ ಮನೆಯಲ್ಲಿ ನಿಂತು ಹೇಳಿದವಳು ನಾನೇ."

ಅಜ್ಜಿಯ ಸೂಜಿ ನಿಂತಿತು. ತಾಯಿಯ ಕೈಯಲ್ಲಿ ಅರ್ಧ ಮಡಚಿದ ಅಂಗಿ ಹಾಗೇ ಇತ್ತು. ಹುಡುಗಿ ಮಾತ್ರ ಬರೆಯುತ್ತಿದ್ದ ಸಾಲನ್ನು ಮುಗಿಸಿ, ಪೆನ್ನಿನ ಮುಚ್ಚಳ ಹಾಕಿದಳು.

"ನನಗೆ ಗೊತ್ತಿತ್ತು" ಎಂದಳು. "ಶಾಲೆ ಗೋಡೆಗೆ ಆ ಕಾಗದ ಅಂಟಿಸಿದ ದಿನಾನೇ ಓದಿದೆ. ಮನೆಗೆ ಬಂದು ಹೇಳಿದೆ."

ಅಕ್ಕ ತಾಯಿಯ ಕಡೆ ನೋಡಿದಳು. ತಾಯಿ ಅಂಗಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. "ಹೇಳಿದ್ಲು" ಎಂದಳು ನಿಧಾನವಾಗಿ. "ನಾನು ಹೊಡೆದೆ ಅಕ್ಕಾ. ನಿನ್ನ ತಪ್ಪನ್ನ ಅಕ್ಕನ ತಲೆಗೆ ಕಟ್ತೀಯಾ, ಮೂರು ದಿನ ನಮ್ಮನೇಲಿ ಪಾತ್ರೆ ತೊಳೆದವಳು ಅವಳು, ನಿನ್ನ ಮಾತು ನಿಜವಾಗಿದ್ರೆ ಅವಳೇ ಬಂದು ಹೇಳ್ತಿರಲಿಲ್ವಾ ಅಂದೆ. ಹೊಡೆದೆ."

ಹೊರಗೆ ಲಾರಿಯೊಂದು ಹೋಯಿತು, ಕಿಟಕಿಯ ಗಾಜು ಅದುರಿ ಸುಮ್ಮನಾಯಿತು.

"ಅಮ್ಮ ಹಾಗಂದ್ಮೇಲೆ ನೀವು ಬರ್ತೀರಿ ಅಂತ ಕಾದೆ" ಎಂದಳು ಹುಡುಗಿ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಶಾಲೆಗೆ ಬಂದಾಗಲಾದ್ರೂ ಹೇಳ್ತೀರಿ ಅಂದ್ಕೊಂಡೆ. ನೀವು ಮುಂದೆ ಹೋಗು ಅಂದ್ರಿ. ಆಮೇಲೆ ನನಗೂ ಅನುಮಾನ ಬಂತು, ಅವತ್ತು ನಾನೇ ತಪ್ಪು ನೋಡಿದ್ನೇನೋ ಅಂತ."

"ಇಲ್ಲ ಮಗೂ" ಎಂದಳು ಅಕ್ಕ.

ಅಜ್ಜಿ ದಿಂಬಿನ ಚೀಲವನ್ನು ಪಕ್ಕಕ್ಕಿಟ್ಟಳು. "ಆರು ತಿಂಗಳು ನನ್ನ ಬಾಯಲ್ಲಿ ಏನೇನು ಆಡಿಸಿಬಿಟ್ಟೆ ತಾಯಿ" ಎಂದಳು. ಅಷ್ಟು ಹೇಳಿ ಮೊಮ್ಮಗಳ ಕಡೆ ನೋಡಲಾರದೆ ಬೀದಿಯ ಕಡೆ ಮುಖ ಮಾಡಿದಳು.

ಅಕ್ಕ ಅಜ್ಜಿಯ ಕಾಲ ಹತ್ತಿರ ಕುಸಿದು ಕೂರಲು ಹೊರಟಿದ್ದಳು. ಹುಡುಗಿ ಎದ್ದು ಬಂದು ಅಡ್ಡ ನಿಂತಳು. "ಅಳಬೇಡಿ" ಎಂದಳು. "ಇಲ್ಲಿ ಹೇಳಿದ್ರೆ ಆಗಲ್ಲ. ಅರೆಗಣ್ಣಿ ಅನ್ನೋದು ಅವರು. ಅವರಿಗೆ ಹೇಳಿ." ಚಪ್ಪಲಿ ಮೆಟ್ಟಿಕೊಂಡು, ಹಿಂತಿರುಗಿ ನೋಡದೆ, ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತಳು.

ಆ ಸಾಲಿನಲ್ಲಿ ಹತ್ತೊಂಬತ್ತು ಮನೆ. ಹದಿನೆಂಟು ವರ್ಷದಿಂದ ಅಕ್ಕ ಹತ್ತಿ ಇಳಿದ ಮೆಟ್ಟಿಲುಗಳು. ಮೊದಲ ಮನೆಯಲ್ಲಿ ಅವಳು ಹೇಳಿದ್ದನ್ನು ಅವರು ಬಾಯಿ ತೆರೆದುಕೊಂಡು ಕೇಳಿದರು. ಎರಡನೆಯ ಮನೆಯಲ್ಲಿ ಗಂಡಸೊಬ್ಬ, "ಹಾಗಾದ್ರೆ ಎಂಟು ವರ್ಷ ನಮ್ಮ ಜೀವದ ಜೊತೆ ಆಟ ಆಡಿದ್ರಾ?" ಎಂದು ಕೇಳಿ ಬಾಗಿಲು ಹಾಕಿಕೊಂಡ. ಮೂರನೆಯ ಮನೆಯ ಮುದುಕಿ ಅತ್ತಳು. ಡಾಕ್ಟರು ಹೆದರಿದ್ದು ನಾಲ್ಕನೆಯ ಮನೆಯಲ್ಲಿ ಎದುರಾಯಿತು. ಆ ಮನೆಯವಳ ಗಂಡನೂ ಉಜ್ಜುವ ಯಂತ್ರದವನೇ, ಅವನೂ ಪಂಪಿನ ಮೇಲೆಯೇ ಇದ್ದವನು.

"ಅದು ಸುಳ್ಳಾಯ್ತು ಅಂತೀರಿ" ಎಂದಳು ಅವಳು, ಬಾಗಿಲಿಗೆ ಅಡ್ಡ ಕೈಯಿಟ್ಟು. "ಈಗ ಎಣಿಸಿ ಅಂತ ಹೇಳಿಕೊಟ್ಟಿದೀರಲ್ಲ, ಇದಾದ್ರೂ ನಿಜ ಅಂತ ಹೆಂಗೆ ನಂಬೋದು? ನಮಗೆ ಈ ಪಂಪಿನ ಸಹವಾಸವೇ ಬೇಡ."

ನಂಬಿ ಎಂದು ಹೇಳುವ ಮುಖ ಅಕ್ಕನಿಗೆ ಉಳಿದಿರಲಿಲ್ಲ.

"ಎಣಿಸೋದು ನಿಜ" ಎಂದಳು ಹುಡುಗಿ. "ನಾನು ಲೆಕ್ಕ ಹಾಕಿ ನೋಡಿದೀನಿ. ಅಪ್ಪ ದಿನಕ್ಕೆ ಎಂಟು ಸಲ ಒತ್ಕೋತಿದ್ದ. ಪಂಪು ತಂದಿದ್ದು ನಾಲ್ಕನೇ ತಾರೀಕು ಬೆಳಿಗ್ಗೆ. ಇಪ್ಪತ್ತೆಂಟಕ್ಕೆ ಇನ್ನೂರು ಮುಗಿದಿತ್ತು. ಆಮೇಲೆ ಐದು ದಿನ ಅಪ್ಪ ಬರೀ ಗಾಳಿ ಎಳ್ಕೊಂಡಿದ್ದು."

ಆ ಹೆಂಗಸು ಅವಳನ್ನು ನೋಡಿದಳು. ಬಾಗಿಲಿನಿಂದ ಕೈ ತೆಗೆದು ಒಳಗೆ ಹೋಗಿ, ಗಂಡನ ಪಂಪನ್ನು ತಂದು, ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತ, ಇದನ್ನು ಯಾವ ತಾರೀಕಿಗೆ ತಂದೆವು ಎಂದು ನೆನಪು ಮಾಡಿಕೊಳ್ಳುತ್ತ ನಿಂತಳು.